ಎರಡು ಬೆರಳು ಎಡಕ್ಕೆ

ನಮ್ಮೂರಿನ ಹೆಸರು ವೂಚ್. ಪೋಲಿಷ್‌ನಲ್ಲಿ ಹಾಗೆಂದರೆ ದೋಣಿ.
ಇದ್ದ ಹೊಳೆಗಳನ್ನೆಲ್ಲ ಗಿರಣಿಯ ಕಾಲದಲ್ಲೇ ನೆಲದಡಿಗೆ ತಳ್ಳಿದ್ದಾರೆ,
ದೋಣಿ ಇಟ್ಟಿಗೆಯ ಮೇಲೆ ನಿಂತಿದೆ.
ಅದರ ಹಿಂಬದಿಯ ಆಸ್ಪತ್ರೆಯಲ್ಲಿ
ನಾಲ್ಕನೇ ಕೋಣೆ, ಸಿ.ಟಿ. ಯಂತ್ರ, ನಾನು.

ಬೆಳಗ್ಗೆ ಆರೂವರೆಗೆ ಗುಂಡಿ ಒತ್ತುತ್ತೇನೆ.
ಮೊದಲು ಫ್ಯಾನಿನ ಗೊರಗೊರ, ಆಮೇಲೆ ತಂಪುನೀರಿನ ಗುಳುಗುಳು;
ಇವೆರಡೂ ಪಾಪದವು, ಮನೆಯೊಳಗೆ ಬಿಟ್ಟುಕೊಳ್ಳಬಹುದು.
ಅವುಗಳ ನೆತ್ತಿ ಹತ್ತಿ ಅದು ಏಳುತ್ತದೆ,
ಕೂದಲಿಗಿಂತ ಸಪೂರ, ಸೂಜಿಗೆ ಪೋಣಿಸಬಹುದು,
ಎಡಗಿವಿಯಲ್ಲಿ ಹೊಕ್ಕು ದವಡೆಹಲ್ಲಿನ ಬುಡದಲ್ಲಿ ಹೊರಬರುವಂಥದ್ದು.
ಜೀಂಯ್ ಎಂದು ಬರೆದರೆ ಅದಕ್ಕೆ ಮೈ ಬಂದುಬಿಡುತ್ತದೆ.
ಅದಕ್ಕೆ ಮೈಯಿಲ್ಲ.

ಡಾಕ್ಟರ್ ಬೊಗ್ದಾನ್ ಬಂದು ನಿಂತರು, ಅರವತ್ತಮೂರರ ಕಿವಿ ಹೊತ್ತು.
"ಯಾವ ಸದ್ದಮ್ಮ? ಏನೂ ಇಲ್ಲವಲ್ಲ."
ಸುಳ್ಳಲ್ಲ. ಅವರ ಕಿವಿಯ ಮೇಲ್ಮಹಡಿ ಖಾಲಿಯಾಗಿ ಬಹಳ ವರ್ಷವಾಯಿತು.
ಆಡಳಿತದವರು ಮೀಟರು ಹಿಡಿದು ನಡೆದಾಡಿ
ಮಿತಿಯೊಳಗಿದೆ ಎಂದು ಒಂದು ಹಾಳೆ ಕೊಟ್ಟರು, ಮೊಹರು ಸಮೇತ.
ಇದನ್ನೇ ಉಂಡೆ ಮಾಡಿ ಕಿವಿಗೆ ತುರುಕಿಕೊಳ್ಳಲೇ ಎಂದು ಕೇಳಲಿಲ್ಲ.
ಕೇಳಬೇಕಿತ್ತು.

ಹಳದಿ ಸ್ಪಂಜಿನ ಬೆಣೆ ಇಟ್ಟುಕೊಂಡೆ, ಒಂದು ವಾರ.
ಸದ್ದು ಸಣ್ಣದಾಯಿತು. ಅದರ ಜೊತೆಗೆ
ಮೇಜು ಮೇಲೇರುವಾಗ ಭುಜ ಹಿಡಿದುಕೊಂಡ ಮುದುಕಿಯ "ನಿಲ್ಲಿಸಿ" ಕೂಡ.
ಎರಡು ಸಲ ಅಂದಿದ್ದಳಂತೆ. ಮೂರನೆಯದಕ್ಕೆ ಕೈ ಎತ್ತಿದಳು.
ಬೆಣೆ ಅವತ್ತೇ ಕಸದ ಬುಟ್ಟಿಗೆ.

ಅಜ್ಜಿ ಗೆನೊವೆಫಾ ನೇಯ್ಗೆ ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ,
ತುಟಿ ಓದಿಯೇ ಜಗಳವಾಡಿ, ತುಟಿ ಓದಿಯೇ ಮದುವೆಗೆ ಒಪ್ಪಿದವಳು.
ಮನೆಯಲ್ಲೂ ಬಾಯಗಲಿಸಿ, ದನಿಯಿಲ್ಲದೆ, ಉಪ್ಪು ಕೊಡು ಅನ್ನುತ್ತಿದ್ದಳು,
ನಾವು ಮಕ್ಕಳು ಕೊಡುತ್ತಿದ್ದೆವು.
ಮಗ್ಗದ ಜೊತೆ ಹಟ ಬೇಡ, ಅದು ಗಂಟಲೊಣಗದ ಪ್ರಾಣಿ,
ನೀನು ನಿಲ್ಲುವ ಜಾಗ ಹುಡುಕಿಕೋ, ಅಂದಿದ್ದಳು ಒಮ್ಮೆ.

ಹುಡುಕಿದೆ.
ಮೇಜಿನ ತಲೆದಿಕ್ಕಿಗೆ, ಆಮ್ಲಜನಕದ ನಳಿಕೆಯ ಪಕ್ಕ,
ಕತ್ತನ್ನು ಎರಡು ಬೆರಳು ಎಡಕ್ಕೆ ವಾಲಿಸಿದರೆ
ಗೋಡೆಗೆ ಬಡಿದು ಮರಳುವ ಸದ್ದು ಎದುರು ಬರುವ ಸದ್ದನ್ನು ನುಂಗಿ
ಒಂದೇ ಒಂದು ಕಿವಿ ಹಿಡಿಸುವಷ್ಟು ಮೌನ.
ಮೂರು ಬೆರಳು ವಾಲಿದೆನೋ, ಮತ್ತೆ ಸೂಜಿ.

ಹೀಗೆ ವಾಲಿಕೊಂಡೇ ರಕ್ತನಾಳ ಹುಡುಕಿದೆ, ಉಸಿರು ಬಿಗಿಹಿಡಿಯಿರಿ ಅಂದೆ.
ಮಲಗಿದವರಿಗೆ ಕಂಡದ್ದು ಬೇರೆ:
ತಲೆ ಓರೆ ಮಾಡಿ ಬಗ್ಗಿ ನಿಂತ ಒಬ್ಬಳು ಹೆಂಗಸು.
ಟ್ರಾಮ್ ಓಡಿಸುವವನೊಬ್ಬ ಹೆಂಡತಿ ಬಿಟ್ಟುಹೋದದ್ದನ್ನು ಹೇಳಿ ಅತ್ತ.
"ಇಡೀ ಆಸ್ಪತ್ರೆಯಲ್ಲಿ ಕೇಳಿಸಿಕೊಳ್ಳುವವರು ನೀವೊಬ್ಬರೇ"
ಎಂಬ ಕಾಗದ ಈಗಲೂ ನೋಟೀಸು ಹಲಗೆಯಲ್ಲಿದೆ.
ನಾನು ಕಿತ್ತುಹಾಕಲಿಲ್ಲ. ಹೇಗೆ ಕೀಳುವುದು.

ಮಾರ್ಚಿಯಲ್ಲಿ ಕಲಿನಾ ಬಂದಳು, ಏಳು ವರ್ಷ,
ಸ್ಕೇಟಿಂಗಿನಲ್ಲಿ ಬಿದ್ದು ಹಣೆ ಊದಿಸಿಕೊಂಡು.
ಬಾಗಿಲಲ್ಲೇ ಎರಡೂ ಕಿವಿ ಮುಚ್ಚಿ,
"ಯಾರದು, ಸೀಟಿ ಊದುತ್ತಿರೋದು? ಸಾಕು ಅನ್ನಿ."
ಮೂರು ವರ್ಷದ ನಂತರ ಸಾಕ್ಷಿ ಸಿಕ್ಕಿತು!
ಅವಳ ಅಮ್ಮನ ಸಹಿಯಿರುವ ದೂರಿಗೆ ಮೊಹರು ಬೇಗ ಬಿತ್ತು.
ಇಂಜಿನಿಯರ್ ಟಿಮೊನ್, ಇನ್ನೂ ಇಪ್ಪತ್ತನಾಲ್ಕು,
ಒಳಗೆ ಬಂದವನೇ ಮುಖ ಕಿವಿಚಿಕೊಂಡ.
ಅಂಗೈಯಗಲದ ಒಂದು ಹಲಗೆ ಬದಲಿಸಿದ. ಹನ್ನೊಂದು ನಿಮಿಷ.

ಈಗ ಫ್ಯಾನು ಇದೆ, ನೀರು ಇದೆ, ಅದು ಇಲ್ಲ.
ಕತ್ತು ಮಾತ್ರ ವಾಲಿಯೇ ಇರುತ್ತದೆ,
ಬಸ್ಸಿನಲ್ಲಿ, ಬೇಕರಿಯ ಸಾಲಿನಲ್ಲಿ, ಕನ್ನಡಿಯಲ್ಲಿ.
ಜನ ಹೇಳುತ್ತಲೇ ಇದ್ದಾರೆ, ನನ್ನ ಬಳಿ ಇನ್ನು ನೆಪವಿಲ್ಲ.
ಇವತ್ತು ಉಪ್ಪಿನ ಸೌತೆಕಾಯಿ ಮಾರುವವನು,
ಮೂತ್ರಪಿಂಡದಲ್ಲಿ ಕಲ್ಲು,
ಸತ್ತುಹೋದ ತನ್ನ ಬಾತುಕೋಳಿಯ ಕಥೆ ಶುರುಮಾಡಿದ್ದಾನೆ.
ಸ್ಕ್ಯಾನು ಮುಗಿದಿದೆ. ಮೇಜು ಕೆಳಗಿಳಿದಿದೆ.
ಬಾತುಕೋಳಿ ಇನ್ನೂ ಮೊಟ್ಟೆಯೊಡೆದು ಹೊರಬಂದಿಲ್ಲ.